ತೂಗಿ ಇಟ್ಟ ತುತ್ತು

ಬೆಟಗೇರಿ, ಡಿಸೆಂಬರ್ 8, 2024

ಮುಂಡರಗಿಯಿಂದ ತಂಗಿಯ ಫೋನ್. ಎರಡು ಔಷಧಿ ಕೊಟ್ಟರೂ ಮಗನ ಫಿಟ್ಸ್ ಹತೋಟಿಗೆ ಬಂದಿಲ್ಲ. ಮಕ್ಕಳ ನರರೋಗ ತಜ್ಞರು ಈಗ ಕೀಟೋ ಪಥ್ಯ ಹೇಳಿದ್ದಾರೆ. "ಅಕ್ಕಾ, ರೊಟ್ಟಿ ಬಿಡಿಸಿ ಬೆಣ್ಣಿ ತಿನ್ನಸ್ರಿ ಅಂತಾರ, ಇದೆಂಥಾ ಔಷಧ?" ಅಂತ ಅತ್ತಳು.

ಔಷಧವೇ. ಉಪವಾಸವಿದ್ದಾಗ ಮೂರ್ಛೆ ಕಡಿಮೆಯಾಗುವುದನ್ನು ಹಿಂದಿನವರೇ ಕಂಡಿದ್ದರು. ಆದರೆ ಕೂಸನ್ನು ಎಷ್ಟು ದಿನ ಉಪವಾಸ ಕೆಡವಲಾದೀತು? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಬೇರೆ ದಾರಿ ಹೇಳಿದರು. ಪಿಷ್ಟ ಇಳಿಸಿ ಕೊಬ್ಬು ಏರಿಸಿದರೆ ಯಕೃತ್ತು ಕೀಟೋನ್ ತಯಾರಿಸುತ್ತದೆ, ಮಿದುಳು ಬಹುಪಾಲು ಅದರ ಮೇಲೆಯೇ ನಡೆಯುತ್ತದೆ. 1938ರಲ್ಲಿ ಫೆನಿಟಾಯಿನ್ ಔಷಧ ಫಿಟ್ಸ್ ತಡೆಯುತ್ತದೆಂದು ಗೊತ್ತಾದ ಮೇಲೆ ಪಥ್ಯ ಮೂಲೆ ಸೇರಿತು. ಮಾತ್ರೆಗೆ ಬಗ್ಗದ ಮಕ್ಕಳಿಗಾಗಿ ಮರಳಿ ಬಂತು. 2008ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ 145 ಮಕ್ಕಳಿದ್ದರು. ಮೂರು ತಿಂಗಳಿಗೆ ಪಥ್ಯದಲ್ಲಿದ್ದವರ ಪೈಕಿ ನೂರಕ್ಕೆ 38 ಮಕ್ಕಳ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಪಥ್ಯವಿಲ್ಲದವರಲ್ಲಿ ನೂರಕ್ಕೆ 6.

ಮುಂಡರಗಿ, ಡಿಸೆಂಬರ್ 22

ಒಲೆಯ ಪಕ್ಕ ಗ್ರಾಂ ತಕ್ಕಡಿ ಬಂದು ಕೂತಿದೆ. ಇವನಿಗೆ ಹೇಳಿದ್ದು ತುಸು ಸಡಿಲಾದ ಅಟ್ಕಿನ್ಸ್ ಮಾದರಿ: ದಿನಕ್ಕೆ 10 ಗ್ರಾಂ ಪಿಷ್ಟ. 40 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲೇ ಸುಮಾರು 28 ಗ್ರಾಂ! ಮನೆಯಲ್ಲಿ ತತ್ತಿ ನಡೆಯದು. ಪನೀರು, ಬೆಣ್ಣೆ, ಕೊಬ್ಬರಿ, ಶೇಂಗಾ ಎಣ್ಣೆಯಲ್ಲಿ ಬಾಡಿಸಿದ ಮೆಂತ್ಯ ಪಲ್ಲೆ, ಹಸಿ ಹಕ್ಕರಕಿ. ಫಿಟ್ಸ್ ಔಷಧದ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆಂದು ಡಾಕ್ಟರು ಮಾತ್ರೆಗೆ ಬದಲಿಸಿದರು. ಇಷ್ಟು ಸೂಕ್ಷ್ಮ ಲೆಕ್ಕವನ್ನು ಮೊಬೈಲ್ ವಿಡಿಯೊ ನೋಡಿ ಮಾಡಲಾಗದು. ಕೊಬ್ಬನ್ನು ಅರಗಿಸಲಾರದ ಹುಟ್ಟುದೋಷವಿರುವ ಮಕ್ಕಳಿಗೆ ಇದೇ ಪಥ್ಯ ಪ್ರಾಣಕ್ಕೆ ಕುತ್ತು. ಅದಕ್ಕೇ ಮೊದಲು ರಕ್ತಪರೀಕ್ಷೆ.

ಮುಂಡರಗಿ, ಜನವರಿ 14, 2025

ಸಂಕ್ರಮಣ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ವಾಸನೆ ಓಣಿ ತುಂಬ. ಕುಸುರೆಳ್ಳು ಹಿಡಿದು ಬಂದವರಿಗೆಲ್ಲ ತಂಗಿ ಬಾಗಿಲಲ್ಲೇ ತಿಳಿಸಿ ಹೇಳಿದಳು. ಹುಡುಗ ಪನೀರಿನ ತಟ್ಟೆ ಮುಂದಿಟ್ಟುಕೊಂಡು ಅಳದೆ ಕೂತಿದ್ದ. ನನಗೇ ತಡೆಯಲಾಗಲಿಲ್ಲ. ಅತ್ತೆಯವರು ಶಿರಹಟ್ಟಿ ಫಕೀರೇಶ್ವರ ಮಠಕ್ಕೆ ಹರಕೆ ಹೊತ್ತಿದ್ದಾರೆ. ಹರಕೆಯೂ ಇರಲಿ, ತಕ್ಕಡಿಯೂ ಇರಲಿ.

ಬೆಟಗೇರಿ, ಮಾರ್ಚ್ 16

ಫಿಟ್ಸ್ ನಿಂತಿಲ್ಲ, ಆದರೆ ಬಹಳ ಇಳಿದಿದೆ. ಶಾಲೆಯಲ್ಲಿ ಇಡೀ ದಿನ ಕೂರುತ್ತಾನೆ. ಮಾತ್ರೆ ಮುಂದುವರಿದಿದೆ. ಮಲಬದ್ಧತೆ ಕಾಡುತ್ತಿದೆ. ಮೂತ್ರಪಿಂಡದಲ್ಲಿ ಕಲ್ಲಾಗಬಾರದೆಂದು ನೀರು ಕುಡಿಸುವುದೇ ತಂಗಿಗೆ ದೊಡ್ಡ ಕೆಲಸ.

ಈ ಸುದ್ದಿ ಕೇಳಿ ಲಕ್ಷ್ಮೇಶ್ವರದ ಮಾವ ತಾನೂ ಸಕ್ಕರೆ ಕಾಯಿಲೆಗೆ ನಾಳೆಯಿಂದಲೇ ರೊಟ್ಟಿ ಬಿಡುತ್ತೇನೆ ಅಂದರು. ಪಿಷ್ಟ ಇಳಿಸಿದರೆ ರಕ್ತದ ಸಕ್ಕರೆ ಇಳಿಯುವುದು ನಿಜ. ಆದರೆ ಇನ್ಸುಲಿನ್ ಪ್ರಮಾಣ ತಗ್ಗಿಸದಿದ್ದರೆ ಸಕ್ಕರೆ ಪಾತಾಳಕ್ಕಿಳಿಯಬಹುದು. ಮಾವ ನುಂಗುವ ಡಾಪಾಗ್ಲಿಫ್ಲೋಜಿನ್ ಜೊತೆಗೆ ಕೀಟೋ ಸೇರಿದರೆ ರಕ್ತ ಆಮ್ಲವಾಗುವ ಅಪಾಯ, ಅದೂ ಸಕ್ಕರೆ ಅಷ್ಟಾಗಿ ಏರದೆಯೇ. ಬೇಗ ಗದಗಿಗೆ ಬಂದು ಡಾಕ್ಟರಿಗೆ ಮಾತ್ರೆಯ ಚೀಟಿ ತೋರಿಸಿ, ರೊಟ್ಟಿ ಬಿಡುವುದು ಆಮೇಲೆ ಎಂದು ಮಾವನಿಗೆ ಹೇಳಿದ್ದೇನೆ.