ಉಸಿರುನಳಿಗೆ

ಕುರ್ಲಾದ ಗ್ಯಾರೇಜುಗಳಿಗೆ ಮೀಠಿ ನದಿ ತೀರ ಹತ್ತಿರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಆ ನದಿ ಬೀದಿಗೇ ಬಂದಿತ್ತು. ಅಂಥ ನೀರಿಗೆ ಅಂಜಿಯೇ ನಮ್ಮ ಪಿಕಪ್ಪನ್ನು ಮಿಸ್ತ್ರಿಯ ಬಳಿಗೆ ಒಯ್ದೆ.

ಹಿಂದಿನ ಆಕ್ಸಲ್ ಕವಚದ ನೆತ್ತಿಯಿಂದ ಸಪೂರ ರಬ್ಬರ್ ನಳಿಗೆಯೊಂದು ಹೊರಡುತ್ತದೆ. ಬ್ರೇಕಿನ ಕೊಳವೆಗಳು ಚಕ್ರಗಳತ್ತ ಸಾಗುತ್ತವೆ. ಇದು ಯಾವ ಚಕ್ರಕ್ಕೂ ಹೋಗದೆ ಗಾಳಿಗೆ ತೆರೆದುಕೊಳ್ಳುತ್ತದೆ. ಉಸಿರುನಳಿಗೆ ಎಂಬುದೇ ಇದಕ್ಕೊಪ್ಪುವ ಹೆಸರು. ಓಟದಿಂದ ಬಿಸಿಯಾದ ಆಕ್ಸಲ್ ನೀರಿಗಿಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ನಳಿಗೆಯ ತುದಿ ಮುಳುಗಿದ್ದರೆ ಅದು ನೀರನ್ನೇ ಹೀರುತ್ತದೆ. ಗೇರ್ ಎಣ್ಣೆ ಹಾಲಿನಂತಾಗಿ ಬೇರಿಂಗುಗಳು ಕೆಡುತ್ತವೆ. ಗಾಡಿ ನಿಂತರೆ ಮನೆಯ ದುಡಿಮೆಯೂ ನಿಂತಂತೆಯೇ.

ಮಿಸ್ತ್ರಿ ಉದ್ದನೆಯ ನಳಿಗೆ ಜೋಡಿಸಿ, ಸೈಲೆನ್ಸರಿನಿಂದ ದೂರವಾಗಿ ಮೇಲಕ್ಕೇರಿಸಿ, ಕ್ಯಾಬಿನ್ನಿನ ಬೆನ್ನಿಗೆ ಕಟ್ಟಿದರು. ತುದಿ ಮಾತ್ರ ಕೆಳಮುಖ. ನಡುವೆ ತುಸು ಸಡಿಲ ಬಿಟ್ಟರು. ಹೊಂಡಗಳಲ್ಲಿ ಆಕ್ಸಲ್ ಕುಣಿಯಬೇಕಲ್ಲ! ಮಳೆಗಾಲ ಕಳೆದ ಮೇಲೆ ಎಣ್ಣೆ ಪರೀಕ್ಷಿಸಲು ಮತ್ತೆ ಬರಹೇಳಿದ್ದಾರೆ.