ಆಟಿಯ ಕರೆಂಟು, ಬ್ಯಾಟರಿಯ ಲೆಕ್ಕ

ಜುಲೈ 18, 2024, ಗುರುವಾರ. ಪಂಜ

ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ರಾತ್ರಿ ಎರಡಕ್ಕೆ ಇನ್ವರ್ಟರ್ ಕುಂಯ್ ಎಂದು ನಿಂತಿತು. ಅಣ್ಣನಿಗೆ ಸಿಟ್ಟು: "ನೂರೈವತ್ತು ಎಎಚ್ ಅಂತ ಬರೆದಿದ್ದಾರಲ್ಲ, ಒಂದು ರಾತ್ರಿಗೂ ಸಾಲದಿದ್ದರೆ ಇದೆಂತ ಬ್ಯಾಟರಿ?"

ಟಾರ್ಚ್ ಹಿಡಿದು ನೋಡಿದೆ. 12 ವೋಲ್ಟ್, 150 ಎಎಚ್. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸಿ20. ಕರಾರೆಲ್ಲ ಅದರಲ್ಲೇ ಇದೆ. ಏಳೂವರೆ ಆಂಪಿಯರಿನಂತೆ ನಿಧಾನಕ್ಕೆ ಎಳೆದರೆ 20 ಗಂಟೆ, ಆಗ ಮಾತ್ರ ನೂರೈವತ್ತು. ನಮ್ಮಲ್ಲಿ ಮೂರು ಫ್ಯಾನು (ಮಳೆಗಾಲವಾದರೂ ಸೊಳ್ಳೆಗೆ ಬೇಕೇ ಬೇಕು), ನಾಲ್ಕು ಎಲ್‌ಇಡಿ: 250 ವಾಟ್. ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ 25 ಆಂಪಿಯರು. ಭಾಗಿಸಿದರೆ ಆರು ಗಂಟೆ ಬರಬೇಕು, ಆದರೆ ಬರುವುದಿಲ್ಲ. ಜೋರಾಗಿ ಎಳೆದಷ್ಟೂ ಲೆಡ್ ಬ್ಯಾಟರಿ ಕಡಿಮೆ ಕೊಡುತ್ತದೆ. ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಇದಕ್ಕೊಂದು ಸೂತ್ರ ಬರೆದಿಟ್ಟಿದ್ದಾನೆ. ನಾಲ್ಕೂವರೆ, ಐದು ಗಂಟೆ ಸಿಕ್ಕಿದರೆ ಪುಣ್ಯ.

ಜುಲೈ 20, ಶನಿವಾರ. ಪುತ್ತೂರು

ಅಣ್ಣ ಇನ್ನೊಂದು ಬ್ಯಾಟರಿ ತರಲೆಂದೇ ಹೊರಟವನು. ದಾರಿಯುದ್ದಕ್ಕೂ ವಾದ. ನಿನ್ನೆ ಕರೆಂಟು ಬಂದದ್ದು ಹನ್ನೊಂದಕ್ಕೆ, ಹೋದದ್ದು ಒಂದಕ್ಕೆ. ಚಾರ್ಜರ್ ತುಂಬಿಸುವುದು ಗಂಟೆಗೆ 15 ಎಎಚ್. ಎರಡು ಗಂಟೆಗೆ ಮೂವತ್ತು, ಅಂದರೆ ಐದನೇ ಒಂದು ಪಾಲು. ಹೈಡ್ರೋಮೀಟರ್ ಇಳಿಸಿದರೆ ತೇಲು 1150ರಲ್ಲೇ ನಿಂತಿತ್ತು, ತುಂಬಿದ್ದರೆ 1240 ತೋರಿಸಬೇಕು. ತುಂಬಿಸಲು ಹೊತ್ತೇ ಇಲ್ಲದವನಿಗೆ ಎರಡನೇ ಹಂಡೆ ಯಾಕೆ? ಮೇಲಾಗಿ ಹಳೇ ಬ್ಯಾಟರಿಗೆ ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಅಂಗಡಿಯವರು ಬ್ಯಾಟರಿ ಮಾರುವವರಾದರೂ ಇದಕ್ಕೆ ಹೂಂ ಎಂದರು, ಆಶ್ಚರ್ಯ!

ಕೊನೆಗೆ ಮೂರು ಬಿಎಲ್‌ಡಿಸಿ ಫ್ಯಾನು ತಂದೆವು. ಒಂದೊಂದಕ್ಕೆ ಮೂವತ್ತೇ ವಾಟ್. ಒಟ್ಟು ಲೋಡು ಅರ್ಧಕ್ಕಿಳಿಯಿತು.

ಜುಲೈ 23, ಮಂಗಳವಾರ. ಕಡಬ

ರಬ್ಬರ್ ಟ್ಯಾಪಿಂಗಿನ ಹುಡುಗ ಹೆಡ್‌ಲೈಟಿಗೆ ಹೊಸ ಸೆಲ್ ತಂದಿದ್ದ. ಮೇಲೆ 9900 ಎಂಎಎಚ್ ಎಂದು ಅಚ್ಚು. ಬೆಳಗಿನ ಜಾವ ಮೂರಕ್ಕೆ ಹಚ್ಚಿದರೆ ನಾಲ್ಕಕ್ಕೆ ಮಂಕಾಗುತ್ತದಂತೆ. ಬೆರಳುದ್ದದ ಆ ಅಳತೆಯ ಸೆಲ್ಲಿನಲ್ಲಿ ಒಳ್ಳೆಯ ಕಂಪನಿಗಳೇ 3500ರ ಆಸುಪಾಸು ತುಂಬಲು ತಿಣುಕುತ್ತವೆ. ಜೀನಸಿನ ಅಂಗಡಿಯ ತಕ್ಕಡಿಯಲ್ಲಿಟ್ಟೆವು. ಸಾಚಾ ಸೆಲ್ 45 ಗ್ರಾಂ ತೂಗಬೇಕು; ಇದು ಮೂವತ್ತಕ್ಕೂ ಏರಲಿಲ್ಲ. 2600ರದ್ದೊಂದು ಕೊಡಿಸಿದೆ. "ಇಷ್ಟು ಕಡಿಮೆಯದ್ದಕ್ಕೆ ಇಷ್ಟು ರೇಟಾ?" ಎಂದು ಗೊಣಗುತ್ತಲೇ ಹಾಕಿಕೊಂಡ.