ನೀರಲ್ಲಿ ನಿಂತ ಚಕ್ಕಡಿ

ಹಸಿರು ಬಣ್ಣ ಹಸಿರು ಟ್ಯೂಬಿನೊಳಗೆ ಇರುವುದಿಲ್ಲ. ನಿವೃತ್ತಿಯಾದ ಮೇಲೆ ತೈಲಚಿತ್ರ ಕಲಿಯಲು ಹೊರಡುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ಅಂಗಡಿಯಿಂದ ತಂದ ವಿರಿಡಿಯನ್ನನ್ನು ಹಾಗೆಯೇ ಬಳಿದರೆ ಹುಲ್ಲುಗಾವಲು ಸರಕಾರಿ ಆಸ್ಪತ್ರೆಯ ಗೋಡೆಯಂತೆ ಕಾಣುತ್ತದೆ. ಅದಕ್ಕೆ ಹಳದಿ ಓಕರ್ ಕಲಸಿ, ಬರ್ಂಟ್ ಸಿಯೆನ್ನಾ ಚೂರು ಸೋಕಿಸಿ, ಹೊಳಪನ್ನೆಲ್ಲ ಕೆಡಿಸಿದ ಮೇಲೆಯೇ ದನ ಬಾಯಿ ಹಾಕುವಂಥ ಹುಲ್ಲು ಹುಟ್ಟುವುದು.

“ಸ್ವಂತದ್ದು ಆಮೇಲೆ. ಮೊದಲು ದೊಡ್ಡವರದ್ದನ್ನು ನೋಡಿ ತೆಗೆಯಿರಿ” ಎಂದರು ಕಲಿಸುವವರು; ನನ್ನ ಮಗನಿಗಿಂತ ಚಿಕ್ಕವರು. ನಾನು ಆರಿಸಿದ್ದು ಜಾನ್ ಕಾನ್‌ಸ್ಟೇಬಲ್ 1821ರಲ್ಲಿ ಮುಗಿಸಿದ ‘ದಿ ಹೇ ವೇನ್’. ಇಂಗ್ಲೆಂಡಿನ ಸಫೋಕ್ ಸೀಮೆಯ ಸ್ಟೌರ್ ನದಿ, ದಂಡೆಗೊಂದು ಹೆಂಚಿನ ಮನೆ, ನೀರಿನಲ್ಲಿ ಕುದುರೆ ಹೂಡಿದ ಖಾಲಿ ಗಾಡಿ, ಅದನ್ನೇ ನೋಡುತ್ತ ದಡದಲ್ಲೊಂದು ನಾಯಿ. ಘನವಾದ ಕಾರಣವೇನೂ ಇರಲಿಲ್ಲ. ಗಾಡಿ ಇತ್ತು, ಅಷ್ಟೆ. ಧಾರವಾಡದ ಕಡೆಯ ನಮ್ಮೂರಿನ ಹಳ್ಳವನ್ನು ನಾನೂ ಚಕ್ಕಡಿಯ ಹಿಂಬದಿಗೆ ಕಾಲು ಇಳಿಬಿಟ್ಟು ಕೂತು ದಾಟಿದವನು.

ಮೂಲಚಿತ್ರ ಆರಡಿ ಅಗಲ. ನನ್ನದು ಎರಡಡಿ, ಊಟದ ಮೇಜು ಅಷ್ಟನ್ನೇ ತಾಳುತ್ತದೆ. ಅಚ್ಚಿನ ಪ್ರತಿಯ ಮೇಲೆ ಚೌಕ ಎಳೆದು, ಕ್ಯಾನ್ವಾಸಿಗೂ ಅಷ್ಟೇ ಚೌಕ ಎಳೆದೆ. ಟರ್ಪೆಂಟೈನಿನಲ್ಲಿ ತೆಳ್ಳಗಾಗಿಸಿದ ಕಂದು ಮೊದಲು, ಎಣ್ಣೆ ಹೆಚ್ಚಿರುವ ಬಣ್ಣ ಮೇಲೆ. ಅದಲುಬದಲಾದರೆ ಮೇಲಿನದು ಬೇಗ ಒಣಗಿ ಬಿರಿಯುತ್ತದೆ. ಆ ಕಂದು ಪದರ ನೋಡಿದ ಹೆಂಡತಿ, “ರೀ, ಬರಗಾಲದ ಚಿತ್ರವಾ?” ಎಂದಳು.

ಬಣ್ಣಕ್ಕೆ ಹಾಕುವ ಎಣ್ಣೆ ಅಗಸೆಯದು. ಊರಿಂದ ಬಂದಿದ್ದ ಚಿಗವ್ವನಿಗೆ ಅದು ತಿಳಿದು ಸಂಕಟವಾಯಿತು. “ಅಗಸಿ ಹಿಂಡಿ ಮಾಡ್ಕೊಂಡು ತಿನ್ನೂದು ಬಿಟ್ಟು ಬಟ್ಟಿಗೆ ಬಳೀತಿಯಲ್ಲೋ ತಮ್ಮಾ!” ಆಮೇಲೆ ಕನ್ನಡಕ ಏರಿಸಿ ಅಚ್ಚಿನ ಚಿತ್ರ ನೋಡಿದಳು. ಗಾಡಿ ನೀರಲ್ಲಿ ಯಾಕೆ ನಿಂತಿದೆಯೆಂದು ನಾನು ಕೇಳುವ ಮೊದಲೇ, “ಬ್ಯಾಸಗಿ ಐತಿ. ಗಾಲಿ ಒಣಗಿ ಹಳಿ ಸಡ್ಲ ಆಗ್ಯಾವು. ಕಟಗಿ ಉಬ್ಬಲಿ ಅಂತ ನಿಂದ್ರಿಸ್ಯಾರ” ಎಂದಳು. ಚಿತ್ರ ಬಲ್ಲ ಪಂಡಿತರು ಊಹಿಸುವುದೂ ಇದನ್ನೇ. ಅವರು ಅದನ್ನು ಓದಿ ತಿಳಿದಿರಬೇಕು.

ಗಾಲಿ ಮಾತ್ರ ನನ್ನ ಕೈಗೆ ಒಲಿಯಲಿಲ್ಲ. ಸಮಾಧಾನ ಸಿಕ್ಕಿದ್ದು ಕಾನ್‌ಸ್ಟೇಬಲ್ಲನಿಂದಲೇ. ತನ್ನ ಅಪ್ಪನ ಗಿರಣಿ ಇದ್ದ ದಂಡೆಯನ್ನು ಆತ ಚಿತ್ರಿಸಿದ್ದು ದೂರದ ಲಂಡನ್ನಿನ ಕೋಣೆಯಲ್ಲಿ ಕೂತು. ಹುಲ್ಲಿನ ಗಾಡಿಯ ವಿವರ ಕಣ್ಣಿಗೆ ಕಟ್ಟದೆ ಊರಿಗೆ ಹೇಳಿಕಳಿಸಿ, ಜಾನ್ ಡನ್‌ಥಾರ್ನ್ ಎಂಬವನಿಂದ ಗಾಡಿಯ ರೇಖಾಚಿತ್ರ ತರಿಸಿಕೊಂಡ. ಇಷ್ಟಾಗಿಯೂ ಆ ವರ್ಷದ ಲಂಡನ್ ಪ್ರದರ್ಶನದಲ್ಲಿ ಚಿತ್ರ ಮಾರಾಟವಾಗಲಿಲ್ಲ. ಚಿನ್ನದ ಪದಕ ಬಂದದ್ದು 1824ರಲ್ಲಿ, ಅದೂ ಪ್ಯಾರಿಸ್ಸಿನಿಂದ.

ನನಗೆ ಚಕ್ಕಡಿ ನೋಡಿ ಗೀಚಿ ಕಳಿಸಲು ಊರಲ್ಲಿ ಚಕ್ಕಡಿಯೇ ಉಳಿದಿಲ್ಲ. ಹಳ್ಳಕ್ಕೆ ಸೇತುವೆ ಬಂದಿದೆ. ಟ್ರ್ಯಾಕ್ಟರಿನ ಟೈರಿಗೆ ನೀರಿನ ಹಂಗಿಲ್ಲ. ಕೊನೆಗೆ ಚಿಗವ್ವ ಬಾಯಲ್ಲಿ ಹೇಳಿದ ಗಾಲಿಯನ್ನೇ ಬರೆದೆ. ಈ ನಡುವೆ ಕುದುರೆಗಳು ಎಲ್ಲೋ ಎತ್ತುಗಳಾಗಿವೆ. ಹಸಿರು ಎದ್ದು ಕಾಣಲೆಂದು ಕಾನ್‌ಸ್ಟೇಬಲ್ ಕುದುರೆಗಳ ಕೊರಳಪಟ್ಟಿಗೆ ಇಟ್ಟ ಕೆಂಪು ನನ್ನಲ್ಲಿ ಕೊಂಬಿನ ಗೊಂಡೆಯಾಗಿದೆ. ಕಲಿಸುವವರು ನೋಡಿಯೂ ನೋಡದಂತಿದ್ದಾರೆ, ಒಳ್ಳೆಯವರು.

ತೈಲವರ್ಣ ನೀರಿನಂತೆ ಆವಿಯಾಗಿ ಆರುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ದಪ್ಪಗೆ ಬಳಿದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೋಡಗಳನ್ನು ನಾನು ಧಾರಾಳವಾಗಿಯೇ ಬಳಿದಿದ್ದೇನೆ. ನಮ್ಮ ಮನೆಗೆ ಬಂದವರು ದಯವಿಟ್ಟು ಆಕಾಶಕ್ಕೆ ಬೆರಳು ತಾಗಿಸಬೇಡಿ.